ಬಲಗಡೆಯ ಅರ್ಧ

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂಬಾಗಿಲಲ್ಲಿ
ಒಂದು ಕೊಡೆ, ಒಂದು ಸ್ಟೂಲು, ಗಾಜಿನ ಮುಚ್ಚಳದ ಪೆಟ್ಟಿಗೆ.
ಹರಿದ ನೋಟಿಗೆ ಒಳ್ಳೆ ನೋಟು ಕೊಡುವವನು ನಾನು.
ನೂರಕ್ಕೆ ಎಂಬತ್ತು. ಇಲಿ ಕಡಿದಿದ್ದರೆ ಎಪ್ಪತ್ತು.
ಹರುಕು ನೋಡಿ ಹರಿದವರನ್ನು ಹೇಳಬಲ್ಲೆ:
ಮಗು ಹರಿಯುವುದು ಮೂಲೆಯಿಂದ;
ಗಂಡ ಹೆಂಡತಿ ಎಳೆದಾಡಿದ್ದು ನಟ್ಟನಡುವೆ,
ಎರಡೂ ಕಡೆ ಹೆಬ್ಬೆಟ್ಟಿನ ಸುಕ್ಕು;
ಜೇಬಲ್ಲೇ ಒಗೆಸಿಕೊಂಡದ್ದು ಹಪ್ಪಳ.

ಚಾಂಪಿಯನ್ ರೀಫ್ ಲೈನಿನ ಅಂಜಲೈ ತಂದದ್ದು
ಹರಿದದ್ದಲ್ಲ.
ಕತ್ತರಿಯಲ್ಲಿ ಕತ್ತರಿಸಿದ್ದು, ಕೈ ನಡುಗದೆ.
ಬಿಳೀ ಕಾಗದ, ಒಂದೇ ಮಗ್ಗುಲಿಗೆ ಅಚ್ಚು,
ರಾಜನ ತಲೆಯಿಲ್ಲ, ಹುಲಿಯಿಲ್ಲ, ಆನೆಯಿಲ್ಲ,
ಬರೀ ಕಪ್ಪು ಅಕ್ಷರ, ಲಗ್ನಪತ್ರಿಕೆಯ ಹಾಗೆ.
‘ಇದು ನಡೆಯುತ್ತಾ ಅಣ್ಣಾ?’

ಬೆಳಕಿಗೆ ಹಿಡಿದೆ.
ಸಯನೈಡ್ ದಿಬ್ಬದ ಬಿಸಿಲು ಕಾಗದ ತೂರಿ ಬಂತು.
ಒಳಗೆ ಅಲೆ ಅಲೆ ನೀರುಗೆರೆ.
ಸೀಮೆಯ ಯಾವುದೋ ಹೊಳೆಯ ನೀರಲ್ಲಿ
ಹಳೇ ಬಟ್ಟೆ ಅರೆದು ಮಾಡಿದ ಕಾಗದವಂತೆ ಇದು.
ಇಲ್ಲಿಂದ ಗಟ್ಟಿ ಹೋಯಿತು ಹಡಗೇರಿ,
ಅಲ್ಲಿಂದ ಇದು ಬಂತು.
ಯಾವ ಪಯಣ ಹಗುರವೆಂದು ಹಡಗನ್ನೇ ಕೇಳಬೇಕು.

‘ಆಗೆಲ್ಲ ಟಪಾಲಿನಲ್ಲಿ ಕಳ್ಳರ ಭಯ, ನೋಡಮ್ಮ.
ನೋಟು ಎರಡು ಮಾಡಿ ಎಡಗಡೆ ಮೊದಲು ಕಳಿಸೋರು.
ಮುಟ್ಟಿತು ಅಂತ ಕಾಗದ ಬಂದಮೇಲೆ ಬಲಗಡೆ.
ನಂಬರು ಎರಡು ಸಲ ಇರೋದು ಅದಕ್ಕೇ ಅಂತಾರೆ,
ಮೇಲೆ ಎಡಕ್ಕೊಂದು, ಕೆಳಗೆ ಬಲಕ್ಕೊಂದು.
ಜೋಡಿಸಿ ಅಂಟಿಸಿದರೆ ಪೂರಾ ಹತ್ತು ರೂಪಾಯಿ.
ಅರ್ಧ ಕದ್ದವನಿಗೆ ಏನೂ ಇಲ್ಲ.’

‘ಅರ್ಧ ಇಟ್ಟುಕೊಂಡವನಿಗೆ?’ ಅಂದಳು.

ಅವಳ ಮುತ್ತಜ್ಜ ಏಳುಮಲೈ.
ಗುಡಿಯಾತ್ತಮಿನಲ್ಲಿ ತಂಗಿಯ ಮದುವೆ.
ಅಲ್ಲಿಯವರು ಇವತ್ತಿಗೂ ಇವರನ್ನು
ಒಂದು ನಾಮಕರಣಕ್ಕೂ ಕರೆಯುವುದಿಲ್ಲ:
ಅರ್ಧ ತೋರಿಸಿ ಅರ್ಧ ಕುಡಿದ ವಂಶ.
ಮುಟ್ಟಿತೆಂಬ ಕಾಗದ ಬರಲೇ ಇಲ್ಲವೋ,
ಬಂದ ದಿನ ಅವನು ಗಣಿಯ ಕೆಳಗಿದ್ದನೋ,
ಆಮೇಲೆ ಮೇಲೆ ಬಂದನೋ,
ಅವಳಿಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಮಗುಚಿದೆ. ಅಚ್ಚಿಲ್ಲದ ಬೆನ್ನಿನ ಮೇಲೆ ಪೆನ್ಸಿಲ್ಲಿನ ತಮಿಳು.
ಅವಳೇ ಓದಿದಳು, ಬೆರಳು ಊರಿ:
ಸೋಪು ಎರಡಾಣೆ. ಸೀಮೆಎಣ್ಣೆ ಮೂರು.
ಮುರುಗನ ಹುಂಡಿಗೆ ಒಂದು.
ತಂಗಚ್ಚಿ, ಬಾಕಿ.

ಸ್ಕೇಲು ಇಟ್ಟೆ, ಅಭ್ಯಾಸಬಲ.
ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ.
ಇಂಗ್ಲಿಷಿನ ಸಾಲು ಕೂಡ ಎರಡಾಗಿದೆ:
‘ಮಾತು ಕೊಡುತ್ತೇವೆ’ ಆ ಕಡೆಗೆ ಹೋಗಿದೆ,
‘ಕೇಳಿದ ಕೂಡಲೇ’ ಇಲ್ಲಿ ಉಳಿದಿದೆ.
ಬ್ಯಾಂಕು ಇದಕ್ಕೆ ಸೊನ್ನೆ ಬರೆಯುತ್ತದೆ.
ಹಳೇ ನಾಣ್ಯದ ಶೋಕಿಯವರು ಎಷ್ಟು ಬರೆಯುತ್ತಾರೋ.
ಗೊತ್ತಿದ್ದೂ ಬಚ್ಚಿಟ್ಟೆನೆಂದುಕೊಳ್ಳಬೇಡಿ, ನಿಜಕ್ಕೂ ಗೊತ್ತಿಲ್ಲ.
ಆದರೂ ಮುನ್ನೂರು ಅಂದುಬಿಟ್ಟೆ.
ವ್ಯಾಪಾರದ ನಾಲಿಗೆ, ನನಗಿಂತ ಮೊದಲೇ ಎದ್ದು ಕೂತಿರುತ್ತದೆ.

ಅವಳು ಕೇಳಿಸಿಕೊಳ್ಳಲಿಲ್ಲ. ಫೋನು ತೆಗೆದಿದ್ದಳು.
ಯಾರೋ ಎತ್ತಿದರು. ಹೆಂಗಸಿನ ದನಿ, ಬಿಗಿ.
‘ಅಣ್ಣಾ, ನಂಬರು ಹೇಳು.’
ಭೂತಗನ್ನಡಿಯಲ್ಲಿ ನೋಡಿ ಒಂದೊಂದಾಗಿ ಹೇಳಿದೆ.
ಅವಳು ಅದನ್ನು ತಮಿಳು ಮಾಡಿ ದಾಟಿಸಿದಳು:
ಮೂಣು. ಪೂಜ್ಯಂ. ಒಂಬದು. ಒಣ್ಣು. ಆರು.

ಆ ಕಡೆ ಮಾತಿಲ್ಲ.
ಮತ್ತೆ, ‘ಇರು,’ ಅಂದಿತು ದನಿ.
ಸ್ಪೀಕರಿನಲ್ಲಿ ಕುಕ್ಕರು ಕೂಗಿತು, ಯಾರೋ ಕೆಮ್ಮಿದರು,
ತಗಡಿನ ಪೆಟ್ಟಿಗೆಯೊಂದನ್ನು ನೆಲದ ಮೇಲೆ
ಎಳೆಯುವ ಸದ್ದು.

ಬಸ್ ಕಂಡಕ್ಟರ್ ಒಬ್ಬ ಬಂದು ನಿಂತಿದ್ದ,
ಕೈಯಲ್ಲಿ ಒದ್ದೆ ಇಪ್ಪತ್ತು.
ಸುಮ್ಮನಿರೆಂದು ಸನ್ನೆ ಮಾಡಿ
ಅದನ್ನು ಗಾಜಿಗೆ ಅಂಟಿಸಿ
ಒಣಗಲು ಬಿಟ್ಟೆ.